ನೋಟಿನ ಹಿಂಬದಿ ನೋಡಿದ್ದೀರಾ?

ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ವರ್ಷಗಟ್ಟಲೆ ನೋಟು ಎಣಿಸಿದವನು ನಾನು. ಕಟ್ಟು ಕಟ್ಟುವಾಗ ಗಾಂಧೀಜಿ ಮುಖ ಒಂದೇ ಕಡೆ ಬರುವ ಹಾಗೆ ಜೋಡಿಸುತ್ತೇವೆ. ಹಿಂಬದಿ ಕಾಣುವುದೇ ಕಮ್ಮಿ. ಆದರೆ ಒಂದು ಕಾಲದಲ್ಲಿ ದೇಶ ಯಾವುದಕ್ಕೆ ಹೆಮ್ಮೆಪಡುತ್ತಿತ್ತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

1980ರ ಸುಮಾರಿನ ನೋಟುಗಳನ್ನೇ ತಗೊಳ್ಳಿ. 2 ರೂಪಾಯಿಯಲ್ಲಿ ಆರ್ಯಭಟ ಉಪಗ್ರಹ, 5 ರೂಪಾಯಿಯಲ್ಲಿ ಹೊಲ ಉಳುವ ಟ್ರ್ಯಾಕ್ಟರ್. ಅದಕ್ಕೂ ಮುಂಚೆ 100 ರೂಪಾಯಿಯಲ್ಲಿ ಹಿರಾಕುಡ್ ಅಣೆಕಟ್ಟೆ ಇತ್ತು. 1975ರಲ್ಲಿ ಹಾರಿದ ಆ ಆರ್ಯಭಟ ತಯಾರಾಗಿದ್ದು ನಮ್ಮ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಅದು ಸಂತೆಯಲ್ಲಿ ತರಕಾರಿ ಮಾರುವವರ ಕೈಗೂ ಬಂತು ಅಂದರೆ ಸಣ್ಣ ಮಾತಲ್ಲ. ಓದು ಬಾರದ ಒಬ್ಬ ಅಜ್ಜಿ ನನ್ನ ಕೌಂಟರಿಗೆ ಬಂದಾಗೆಲ್ಲ "ಟ್ರ್ಯಾಕ್ಟರ್ ನೋಟು ಹತ್ತು ಕೊಡಪ್ಪಾ" ಅನ್ನುತ್ತಿದ್ದರು. ಅವರಿಗೆ ಆ ಚಿತ್ರವೇ ಅಕ್ಷರ.

ಈಗಿನವು ನೋಡಿ. 10ರಲ್ಲಿ ಕೋನಾರ್ಕ್, 20ರಲ್ಲಿ ಎಲ್ಲೋರ, 50ರಲ್ಲಿ ಹಂಪಿ, 100ರಲ್ಲಿ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿ, 200ರಲ್ಲಿ ಸಾಂಚಿ, 500ರಲ್ಲಿ ಕೆಂಪುಕೋಟೆ. ಹಳೆಯ ನೋಟುಗಳಲ್ಲೂ ಕೋನಾರ್ಕ್ ಚಕ್ರ, ನವಿಲು ಇದ್ದವು ನಿಜ, ಆದರೆ ಅವುಗಳ ಪಕ್ಕದಲ್ಲೇ ಉಪಗ್ರಹವೂ ಇತ್ತು. ಹೊಸ ಸರಣಿಯಲ್ಲಿ ಅಂಥದ್ದು ಅಂತ ಇದ್ದದ್ದು 2000ದ ನೋಟಿನ ಮಂಗಳಯಾನ ಒಂದೇ. ಅದನ್ನೂ ವಾಪಸ್ ಪಡೆಯುತ್ತೇವೆ ಎಂದು 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು.

ಹಂಪಿ ನೋಟು ಮೊದಲ ಸಲ ಕೈಗೆ ಬಂದ ದಿನ ನನಗೆ ತುಂಬಾ ಖುಷಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯ ಗಮನಿಸಿ. ವಿಠ್ಠಲ ದೇವಸ್ಥಾನದ ಆ ಕಲ್ಲಿನ ರಥ ನಿಜಕ್ಕೂ ಗರುಡನ ಗುಡಿ, ಅದರ ಮೇಲೆ ಇಟ್ಟಿಗೆಯ ಗೋಪುರವಿತ್ತು, 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ಇನ್ನೂ ಕಾಣುತ್ತದೆ, ಆಮೇಲೆ ಹೋಯಿತು. ನೋಟಿನಲ್ಲಿರುವುದು ಗೋಪುರ ಇಲ್ಲದ ರಥ. ನಮ್ಮ ಮಕ್ಕಳ ಕಣ್ಣಿನಲ್ಲಿ ಉಳಿಯುವ ಹಂಪಿಯೂ ಅದೇ, ಅಲ್ವಾ? ಕೋಟಿಗಟ್ಟಲೆ ಅಚ್ಚಾಗುವ ಚಿತ್ರಕ್ಕೆ ಅಷ್ಟು ಶಕ್ತಿ ಇದೆ.

ಅದಕ್ಕೇ ಕೇಳುತ್ತಿದ್ದೇನೆ. ಗುಡಿ, ಕೋಟೆ, ಸ್ತೂಪ ಇರಲಿ, ಅವು ನಮ್ಮವೇ. ಮುಂದಿನ ಸರಣಿಯಲ್ಲಿ ಒಂದು ನೋಟಿಗಾದರೂ ಇವತ್ತು ದುಡಿಯುವವರ ಚಿತ್ರ ಹಾಕಲಿ. ಆ ಅಜ್ಜಿಯಂಥವರು ಅದನ್ನು ಹೆಸರು ಹಿಡಿದು ಕೇಳುತ್ತಾರೆ.