ಜಿಪುಣ ಕಿಡ್ನಿಯ ಪಜೀತಿ

"ಶುಗರ್ ಮಾತ್ರೆ ತಿಂದೂ ತಿಂದೂ ಕಿಡ್ನಿ ಹೋಯ್ತು" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಹಿಡಿದ ಹಾಗಾಯ್ತು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ರಕ್ತದಲ್ಲಿ ಜಾಸ್ತಿ ಇರುವ ಸಕ್ಕರೆ. ಜೊತೆಗೆ ಬಿಪಿಯೂ ಇದ್ದರೆ ಇನ್ನೂ ಬೇಗ.

ಕೆಡಿಸುವ ಬಗೆ ಮಾತ್ರ ಸ್ವಾರಸ್ಯವಾಗಿದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೋಗುವುದು ಒಂದೂವರೆ, ಎರಡು ಲೀಟರ್ ಅಷ್ಟೇ. ಉಳಿದದ್ದನ್ನು ಸಕ್ಕರೆ, ಉಪ್ಪಿನ ಸಮೇತ ವಾಪಸ್ ಎಳೆದುಕೊಳ್ಳುತ್ತವೆ. ಮಹಾ ಜಿಪುಣ ಅಂಗ! ಸಕ್ಕರೆ ಒಳಗೆ ಬರುವಾಗ ಉಪ್ಪಿನಲ್ಲಿರುವ ಸೋಡಿಯಂ ಅನ್ನೂ ಕೈಹಿಡಿದು ಕರೆತರುತ್ತದೆ. ಸಕ್ಕರೆ ಜಾಸ್ತಿಯಾದರೆ ಉಪ್ಪೂ ಜಾಸ್ತಿ ವಾಪಸ್ ಬರುತ್ತದೆ. ಸೋಸಿದ ನೀರು ಹರಿಯುವ ಸಣ್ಣ ಕೊಳವೆಯ ಮುಂದಿನ ತಿರುವಿನಲ್ಲಿ ಉಪ್ಪಿನ ಲೆಕ್ಕ ನೋಡುವ ಜೀವಕೋಶಗಳಿವೆ. ಅಲ್ಲಿಗೆ ಉಪ್ಪು ಕಡಿಮೆ ಬಂತಲ್ಲ, ಸೋಸುವುದು ಸಾಲುತ್ತಿಲ್ಲ ಅಂತ ಅವು ತಪ್ಪು ತಿಳಿದು ರಕ್ತ ಬರುವ ಬಾಗಿಲನ್ನು ಅಗಲ ಮಾಡಿಸುತ್ತವೆ. ಕಾಲುವೆಯ ಕೊನೆಯ ಗದ್ದೆಯವನು ನೀರು ಬರ್ತಿಲ್ಲ ಅಂತ ಕೂಗುತ್ತಾನೆ. ಕೆರೆಯ ಹತ್ತಿರ ತೂಬು ಇನ್ನಷ್ಟು ಎತ್ತುತ್ತಾರೆ. ನಡುವೆ ಯಾರೋ ಮೋಟರ್ ಇಟ್ಟು ಎಳೆಯುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ರಭಸಕ್ಕೆ ಎದೆಕೊಡುವುದು ಪ್ರತಿ ಕಿಡ್ನಿಯಲ್ಲಿರುವ ಸುಮಾರು 10 ಲಕ್ಷ ಪುಟ್ಟ ಜರಡಿಗಳು. ಸಕ್ಕರೆ ಅಂಟಿ ಅಂಟಿ ಅವುಗಳ ಗೋಡೆ ಮೊದಲೇ ಹದಗೆಟ್ಟಿರುತ್ತದೆ. ಕೊನೆಗೆ ಆಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರಕ್ಕೆ ಸೋರತೊಡಗುತ್ತದೆ. ನೋವಿಲ್ಲ, ಉರಿಯಿಲ್ಲ. ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ಅನ್ನುವ ರಕ್ತದ ಟೆಸ್ಟ್ ಕೂಡ ನಾರ್ಮಲ್ ಅಂತಲೇ ಬರಬಹುದು. ಅದಕ್ಕೇ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಟೆಸ್ಟ್ ಮಾಡಿಸಿ ಅನ್ನುವುದು. ಕಣ್ಣಿನ ರೆಟಿನಾದ ಸಣ್ಣ ರಕ್ತನಾಳಗಳೂ ಹೀಗೇ ಸದ್ದಿಲ್ಲದೆ ಸೋರುತ್ತವೆ. ಪಾದದ ನರ ಸತ್ತರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಇನ್ನೊಂದು ಮಜಾ ಇದೆ. 1835ರಲ್ಲಿ ಯುರೋಪಿನಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಅನ್ನುವ ಕಹಿ ವಸ್ತು ತೆಗೆದರು, ಜ್ವರಕ್ಕೆ ಮದ್ದಾದೀತು ಅಂತ. ಅದು ಮೂತ್ರದಲ್ಲಿ ಸಕ್ಕರೆ ಹರಿಸುತ್ತದೆ ಅಂತ ಗೊತ್ತಾಗಲು ಮತ್ತೆ 50 ವರ್ಷ ಬೇಕಾಯಿತು. ಡಪಾಗ್ಲಿಫ್ಲೋಜಿನ್‌ನಂಥ ಇಂದಿನ ಶುಗರ್ ಮಾತ್ರೆಗಳು ಅದೇ ವಂಶದವು. ಸಕ್ಕರೆ, ಉಪ್ಪನ್ನು ವಾಪಸ್ ಎಳೆಯುವ ನಡುವಿನ ಮೋಟರ್ ಅನ್ನೇ ಅವು ತಡೆಯುತ್ತವೆ. ಉಪ್ಪು ಮುಂದಕ್ಕೆ ಹೋಗುತ್ತದೆ, ಬಾಗಿಲು ಕಿರಿದಾಗುತ್ತದೆ, ಜರಡಿಯ ಮೇಲಿನ ಒತ್ತಡ ಇಳಿಯುತ್ತದೆ. ಮೊದಲ ಕೆಲವು ವಾರ ಸೋಸುವ ವೇಗವೂ ಸಾಮಾನ್ಯವಾಗಿ ತುಸು ತಗ್ಗುತ್ತದೆ. ರಿಪೋರ್ಟ್ ನೋಡಿ "ನಾನು ಹೇಳಿರ್ಲಿಲ್ವಾ, ಮಾತ್ರೆಯಿಂದಲೇ" ಅನ್ನುವವರು ಆಗಲೂ ಸಿಗುತ್ತಾರೆ. ತೂಬು ಇಳಿಸಿದರೆ ನೀರು ಕಡಿಮೆಯಾಗಲೇಬೇಕು ಅಲ್ವಾ?