ಬಿಸಿಲು ಹಳೆಯದು, ಹುಡುಕಾಟ ಜಾಗದ್ದು

1913ರಲ್ಲಿ ಕೈರೋ ಸಮೀಪದ ಮಾದಿಯಲ್ಲಿ ಅಮೆರಿಕದ ಎಂಜಿನಿಯರ್ ಫ್ರ್ಯಾಂಕ್ ಶೂಮನ್ ಐದು ಸಾಲು ಕನ್ನಡಿ ತೊಟ್ಟಿಗಳನ್ನು ನಿಲ್ಲಿಸಿದರು. ಒಂದೊಂದೂ 62 ಮೀಟರ್ ಉದ್ದ. ಬಾಗಿದ ಕನ್ನಡಿಗಳು ಬಿಸಿಲನ್ನೆಲ್ಲ ನಡುವಿನ ಬಾಯ್ಲರ್ ಮೇಲೆ ಕೂಡಿಸುತ್ತಿದ್ದವು. ಅಲ್ಲಿ ಹುಟ್ಟಿದ ಹಬೆ ಎಂಜಿನ್ ತಿರುಗಿಸುತ್ತಿತ್ತು, ಎಂಜಿನ್ ನೈಲ್ ನದಿಯ ನೀರನ್ನು ಹತ್ತಿ ಹೊಲಗಳಿಗೆ ಎತ್ತುತ್ತಿತ್ತು. ಮೊದಲು ಕೂರಿಸಿದ್ದ ಸತುವಿನ ಬಾಯ್ಲರ್ ಕಾವು ತಾಳದೆ ಜೋತುಬಿದ್ದಿತ್ತು. ಬಿಸಿಲು ಸಾಲದೆ ಅಲ್ಲ, ಹೆಚ್ಚಾಗಿ! ಅದನ್ನು ಬದಲಿಸಿದ ಮೇಲೆ ಯಂತ್ರ ಸರಿಯಾಗಿಯೇ ಓಡಿತು. ಮರುವರ್ಷ ಮಹಾಯುದ್ಧ ಶುರುವಾಯಿತು, ಅದರ ಬೆನ್ನಿಗೇ ಅಗ್ಗದ ತೈಲದ ಕಾಲ ಬಂತು. ಮಾದಿಯ ಕನ್ನಡಿಗಳನ್ನು ಕೇಳುವವರಿಲ್ಲದಾಯಿತು.

ಸೌರಶಕ್ತಿಯನ್ನು ನಿನ್ನೆ ಮೊನ್ನೆಯ ವಿದ್ಯೆ ಎಂದುಕೊಂಡವರು ಮಾದಿಯನ್ನು ನೆನೆಯಬೇಕು. ಅದು ಸೋತದ್ದು ಬಹುಪಾಲು ಇಂಧನದ ಬೆಲೆಯ ಎದುರು. ಹಾಗಾಗಿ ಬೇರೆ ಇಂಧನ ತಲುಪಲಾಗದ ಕಡೆ ಮಾತ್ರ ಅದಕ್ಕೆ ಮಣೆ ಸಿಕ್ಕಿತು.

1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯ ತೋರಿಸಿದ ಸಿಲಿಕಾನ್ ಸೌರಕೋಶ ತನ್ನ ಮೇಲೆ ಬಿದ್ದ ಬಿಸಿಲಿನ ಶೇ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಅಂದಿನ ಪ್ರದರ್ಶನದಲ್ಲಿ ಅದು ತಿರುಗಿಸಿದ್ದು ಒಂದು ಆಟಿಕೆ ಜಯಂಟ್ ವೀಲ್. ಆ ಕೋಶದ ಬೆಲೆಗೆ ಭೂಮಿಯ ಮೇಲೆ ಗಿರಾಕಿಗಳೇ ಇರಲಿಲ್ಲ; ಸಿಕ್ಕಿದ್ದು ಬಾಹ್ಯಾಕಾಶದಲ್ಲಿ. 1958ರ ಮಾರ್ಚ್‌ನಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಮಿಟರ್‌ಗಳಿದ್ದವು. ಬ್ಯಾಟರಿಯದ್ದು ಬೇಗನೆ ಸುಮ್ಮನಾಯಿತು, ಸೌರಕೋಶದ್ದು 1964ರವರೆಗೆ ಮಾತಾಡುತ್ತಲೇ ಇತ್ತು.

ಸೌರಕೋಶ ಭೂಮಿಯ ಬಳಕೆಗೆ ಇಳಿದಾಗ ಅದನ್ನು ಮೊದಲು ಬರಮಾಡಿಕೊಂಡವರಲ್ಲಿ ತೈಲ ಕಂಪನಿಗಳೂ ಇದ್ದವು ಎಂಬುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. 1970ರ ದಶಕದಲ್ಲಿ ತೈಲ ಕಂಪನಿ ಎಕ್ಸಾನ್‌ನ ಹಣದ ಬೆಂಬಲದಿಂದ ರಸಾಯನವಿಜ್ಞಾನಿ ಎಲಿಯಟ್ ಬರ್ಮನ್, ಎಲೆಕ್ಟ್ರಾನಿಕ್ಸ್ ಉದ್ಯಮ ತಿರಸ್ಕರಿಸಿದ ಸಿಲಿಕಾನ್ ಬಿಲ್ಲೆಗಳನ್ನು ಬಳಸಿ ವ್ಯಾಟ್‌ಗೆ 100 ಡಾಲರ್ ಇದ್ದ ಬೆಲೆಯನ್ನು 20ಕ್ಕೆ ಇಳಿಸಿದರು. ಮೆಕ್ಸಿಕೋ ಕೊಲ್ಲಿಯ ತೈಲಕಟ್ಟೆಗಳಲ್ಲಿ ಹಡಗುಗಳನ್ನು ಎಚ್ಚರಿಸುವ ದೀಪಗಳಿಗೆ ಭಾರದ ಬ್ಯಾಟರಿ ಹೊತ್ತು ಸಾಗಿಸುವುದಕ್ಕಿಂತ ಸೌರಫಲಕವೇ ಅಗ್ಗ ಎನಿಸಿತು. ಎದುರಾಳಿಯ ಕೂಸನ್ನು ತೈಲವೇ ತೊಟ್ಟಿಲಿಗೆ ಹಾಕಿ ತೂಗಿತ್ತು.

ಮುಂದೆ ಫಲಕ ಅಗ್ಗವಾದಂತೆ ಪ್ರಶ್ನೆ ಮಗ್ಗುಲು ಬದಲಿಸಿತು: ಇಷ್ಟೊಂದನ್ನು ಇಡುವುದೆಲ್ಲಿ? 1981ರಷ್ಟು ಹಿಂದೆಯೇ ಜರ್ಮನಿಯ ಭೌತವಿಜ್ಞಾನಿ ಅಡಾಲ್ಫ್ ಗೋಟ್ಸ್‌ಬರ್ಗರ್ ಅದಕ್ಕೊಂದು ಉತ್ತರ ಕೊಟ್ಟಿದ್ದರು. ಫಲಕಗಳನ್ನು ಆಳೆತ್ತರಕ್ಕೆ ಏರಿಸಿ, ನಡುವೆ ಅಂತರ ಬಿಟ್ಟರೆ ಕೆಳಗೆ ಆಲೂಗಡ್ಡೆ ಬೆಳೆಯಬಹುದು. ಆಗ ಅದು ಬೆಲೆಗೆ ಎಟುಕದ ಮಾತಾಗಿತ್ತು. 2008ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಒಂದು ವೈನ್ ತಯಾರಿಕಾ ಘಟಕ ದ್ರಾಕ್ಷಿಬಳ್ಳಿ ಕೀಳಲು ಮನಸ್ಸಾಗದೆ ಸುಮಾರು ಸಾವಿರ ಫಲಕಗಳನ್ನು ತನ್ನ ಕೊಳದ ಮೇಲೆ ತೇಲಿಬಿಟ್ಟಿತು.

2012ರಲ್ಲಿ ಗುಜರಾತಿನ ಚಂದ್ರಾಸಣದಲ್ಲಿ ನರ್ಮದಾ ಯೋಜನೆಯ ಉಪಕಾಲುವೆಗೆ 750 ಮೀಟರ್ ಉದ್ದಕ್ಕೂ ಫಲಕಗಳ ಚಪ್ಪರ ಹಾಕಿದರು. ಸಾಮರ್ಥ್ಯ ಒಂದು ಮೆಗಾವ್ಯಾಟ್; ವರ್ಷಕ್ಕೆ ಸುಮಾರು 90 ಲಕ್ಷ ಲೀಟರ್ ನೀರು ಆವಿಯಾಗದೆ ಉಳಿಯುತ್ತದೆಂಬ ಅಂದಾಜು. ನೀರಿನ ತಂಪಿಗೆ ಫಲಕಗಳೂ ತುಸು ಹೆಚ್ಚು ವಿದ್ಯುತ್ ಕೊಡುತ್ತವೆ. ಆದರೆ ಕಾಲುವೆಯ ಅಗಲಕ್ಕೆ ನಿಲ್ಲುವ ಉಕ್ಕಿನ ಚೌಕಟ್ಟಿಗೆ ನೆಲದ ಮೇಲಿನದಕ್ಕಿಂತ ಹೆಚ್ಚು ಹಣ ಬೇಕು, ಹೂಳೆತ್ತುವಾಗ ಅದೇ ಅಡ್ಡ.

ಜಾಗದ ಹುಡುಕಾಟ ಎಲ್ಲ ಕಡೆಯೂ ಕೈಹಿಡಿಯಲಿಲ್ಲ. ಫ್ರಾನ್ಸಿನ ನಾರ್ಮಂಡಿಯ ಟುರೂವ್ರ್ ಊರಿನಲ್ಲಿ 2016ರ ಡಿಸೆಂಬರ್‌ನಲ್ಲಿ ಒಂದು ಕಿಲೋಮೀಟರ್ ರಸ್ತೆಗೇ ಸೌರಫಲಕ ಹಾಸಿದರು. ಅಂಗಾತ ಮಲಗಿದ ಫಲಕ ಸೂರ್ಯನತ್ತ ಓರೆಯಾಗುವುದು ಹೇಗೆ? ಮೇಲೆ ತರಗೆಲೆ, ಅದರ ಮೇಲೆ ಟ್ರ್ಯಾಕ್ಟರ್. ನಿರೀಕ್ಷಿಸಿದಷ್ಟು ವಿದ್ಯುತ್ ಬರಲಿಲ್ಲ. ಚಕ್ರಗಳ ಸದ್ದು ತಗ್ಗಿಸಲು ವೇಗದ ಮಿತಿಯನ್ನು ಗಂಟೆಗೆ 70 ಕಿ.ಮೀ.ಗೆ ಇಳಿಸಿದರು. 2018ರಲ್ಲಿ, ದುರಸ್ತಿಗೂ ಬಾರದಷ್ಟು ಹಾಳಾದ ಒಂದು ಭಾಗವನ್ನು ಕಿತ್ತುಹಾಕಿದರು.