ಹಿಂಜರಿತ: ದೇಶಕ್ಕೆ ಆರು ತಿಂಗಳು, ಒಂದು ಬ್ಯಾಚಿಗೆ ಹದಿನೈದು ವರ್ಷ

"ಸಂಬಳ ಜಾಸ್ತಿ ಮಾಡಿ ಅಂತ ಕೇಳೋಕೆ ಯಾಕಿಷ್ಟು ಹಿಂಜರೀತೀರ?"

ಅಪ್ರೈಸಲ್ ತಿಂಗಳು ಬಂತೆಂದರೆ ನನ್ನ ಹೆಂಡತಿ ತಪ್ಪದೆ ಕೇಳುವ ಪ್ರಶ್ನೆ ಇದು. ಹಿಂಜರಿಯುವುದು ಅಂದರೆ ಹಿಂದಕ್ಕೆ ಸರಿಯುವುದು. ಹೆಜ್ಜೆ ಎತ್ತಿ, ಇಡದೆ, ಮತ್ತೆ ಹಿಂದಕ್ಕೆ ತೆಗೆದುಕೊಳ್ಳುವುದು. ಮನುಷ್ಯ ಹೀಗೆ ಮಾಡಿದರೆ ಅದು ಹಿಂಜರಿಕೆ. ದೇಶದ ವ್ಯಾಪಾರ, ಉತ್ಪಾದನೆ, ಖರ್ಚು ಎಲ್ಲ ಹಿಂದಕ್ಕೆ ಸರಿದರೆ ಪತ್ರಿಕೆಯವರು 'ಆರ್ಥಿಕ ಹಿಂಜರಿತ' ಎಂದು ಬರೆಯುತ್ತಾರೆ. ಮಾತಿನಲ್ಲಿ ಮಾತ್ರ ನಮಗೆಲ್ಲ ಅದು 'ರಿಸೆಷನ್'. 2009ರಲ್ಲಂತೂ ಮೈಸೂರಿನ ಮದುವೆ ಮನೆಗಳಲ್ಲಿ ಆ ಪದ ಗೊತ್ತಿಲ್ಲದವರೇ ಇರಲಿಲ್ಲ. "ಹುಡುಗ ಸಾಫ್ಟ್‌ವೇರಾ? ಈಗೇನೋ ರಿಸೆಷನ್ ಅಂತೆ. ಗವರ್ನಮೆಂಟ್ ಕೆಲಸದವರಿದ್ರೆ ಹೇಳಿ."

ಹಿಂಜರಿತ, ಹಿಂಜರಿಕೆ. ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಅರ್ಥಶಾಸ್ತ್ರದವರು ಮೊದಲನೆಯದನ್ನಷ್ಟೇ ಅಳೆಯುತ್ತಾರೆ. ಎರಡನೆಯದು ಎಷ್ಟು ವರ್ಷ ಇರುತ್ತದೆ ಅನ್ನುವುದನ್ನು ನಮ್ಮ ಬ್ಯಾಚಿನವರನ್ನು ಕೇಳಬೇಕು.

ಮೊದಲು ಪುಸ್ತಕದ ಅರ್ಥ ನೋಡಿಬಿಡೋಣ. ಮೂರು ತಿಂಗಳನ್ನು ಒಂದು ತ್ರೈಮಾಸಿಕ ಅನ್ನುತ್ತಾರೆ. ದೇಶದ ಒಟ್ಟು ಉತ್ಪಾದನೆ, ಅಂದರೆ ಜಿಡಿಪಿ, ಸತತ ಎರಡು ತ್ರೈಮಾಸಿಕ ಕುಗ್ಗಿದರೆ ಅದು ತಾಂತ್ರಿಕವಾಗಿ ಹಿಂಜರಿತ. ಬೆಳವಣಿಗೆ ನಿಧಾನವಾದರೆ ಅದು ಮಂದಗತಿ ಅಷ್ಟೇ, ಹಿಂಜರಿತ ಅಲ್ಲ. ಪತ್ರಿಕೆಗಳಲ್ಲಿ ಇವೆರಡೂ ಎಷ್ಟೋ ಸಲ ಅದಲುಬದಲಾಗುತ್ತವೆ. ಅಮೆರಿಕದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಅಲ್ಲಿ ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್ ಎಂಬ ಸಂಸ್ಥೆಯ ಸಮಿತಿಯೊಂದು ಉದ್ಯೋಗ, ಆದಾಯ, ಮಾರಾಟ ಎಲ್ಲ ನೋಡಿ ತೀರ್ಪು ಕೊಡುತ್ತದೆ. 2007ರ ಡಿಸೆಂಬರ್‌ನಲ್ಲೇ ಹಿಂಜರಿತ ಶುರುವಾಗಿತ್ತು ಎಂದು ಆ ಸಮಿತಿ ಹೇಳಿದ್ದು 2008ರ ಡಿಸೆಂಬರ್‌ನಲ್ಲಿ. ಜ್ವರ ಬಂದು ಒಂದು ವರ್ಷ ಆದ ಮೇಲೆ ಥರ್ಮಾಮೀಟರ್ ನೋಡಿದ ಹಾಗೆ.

ಇನ್ನೊಂದು ಪದ ಮಿಲೇನಿಯಲ್. ಸಾಮಾನ್ಯವಾಗಿ 1981ರಿಂದ 1996ರೊಳಗೆ ಹುಟ್ಟಿದವರನ್ನು ಹೀಗೆ ಕರೆಯುತ್ತಾರೆ. ಕನ್ನಡದಲ್ಲಿ 'ಸಹಸ್ರಮಾನದ ಪೀಳಿಗೆ' ಎಂದು ಬರೆದವರೂ ಇದ್ದಾರೆ. ಓದಿದರೆ ಯಾವುದೋ ಪುರಾಣದ ಪಾತ್ರ ನೆನಪಾಗುತ್ತದೆ. ಮಿಲೇನಿಯಲ್ ಅಂತಲೇ ಇಟ್ಟುಕೊಳ್ಳೋಣ.

ಈಗ ಬೆರಳಲ್ಲಿ ಎಣಿಸಿ. 1981ರಲ್ಲಿ ಹುಟ್ಟಿದವರು ಎಂಜಿನಿಯರಿಂಗ್ ಮುಗಿಸಿದ್ದು 2002–03ರ ಹೊತ್ತಿಗೆ. ಅಮೆರಿಕದ ಡಾಟ್‌ಕಾಂ ಗುಳ್ಳೆ, ಅಂದರೆ ಇಂಟರ್ನೆಟ್ ಕಂಪನಿಗಳ ಷೇರು ಬೆಲೆ ಉಬ್ಬಿದ್ದು, ಒಡೆದು, 2001ರಲ್ಲಿ ಅಲ್ಲಿ ಹಿಂಜರಿತ ಬಂದುಹೋಗಿತ್ತು. 1987ರವರು ಮುಗಿಸಿದ್ದು 2009ರಲ್ಲಿ. ಕೊನೆಯವರು, 1996ರವರು, ಮುಗಿಸಿದ್ದು 2018ರಲ್ಲಿ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಕೊರೊನಾ. ಒಂದೇ ಪೀಳಿಗೆಯ ತಲೆ, ನಡು, ಬಾಲ ಮೂರಕ್ಕೂ ಒಂದೊಂದು ಏಟು.

ನಾನು ನಡುವಿನವನು. ಊರು ಮದ್ದೂರಿನ ಹತ್ತಿರ, ಓದಿದ್ದು ಮೈಸೂರಿನಲ್ಲಿ. 2008ರ ಆಗಸ್ಟ್‌ನಲ್ಲಿ ಕ್ಯಾಂಪಸ್‌ಗೆ ಬಂದ ಕಂಪನಿಯೊಂದು ನನ್ನನ್ನು ಆರಿಸಿತು. ವರ್ಷಕ್ಕೆ 3 ಲಕ್ಷ. ಅಮ್ಮ ಆಫರ್ ಲೆಟರನ್ನು ಚಾಮುಂಡೇಶ್ವರಿ ಫೋಟೋ ಮುಂದೆ ಇಟ್ಟು, ಮೂಲೆಗೆ ಅರಿಸಿನ ಕುಂಕುಮ ಹಚ್ಚಿದರು. ಸಹಿ ಹಾಕಿ ವಾಪಸ್ ಕಳಿಸಬೇಕಾದ ಪ್ರತಿಯೂ ಅದೇ ಅಂತ ನಾನು ಹೇಳುವಷ್ಟರಲ್ಲಿ ಹಚ್ಚಿ ಆಗಿತ್ತು. ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ಬ್ಯಾಂಕು ದಿವಾಳಿ ಎಂದು ಘೋಷಿಸಿಕೊಂಡಿತು. ಆ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಎಲ್ಲೋ ಬ್ಯಾಂಕು ಮುಳುಗಿದರೆ ಮದ್ದೂರಿನ ಹುಡುಗನಿಗೇನು? ಇದೆ ನೋಡಿ. ನಮ್ಮ ಐಟಿ ಕಂಪನಿಗಳಿಗೆ ಅತಿ ಹೆಚ್ಚು ಕೆಲಸ ಕೊಡುತ್ತಿದ್ದವರಲ್ಲಿ ಅಮೆರಿಕದ ಬ್ಯಾಂಕು, ವಿಮೆ, ಹಣಕಾಸು ಸಂಸ್ಥೆಗಳೇ ಮುಂದೆ. ಅವರು ಕೈ ಬಿಗಿ ಹಿಡಿದರೆ ಇಲ್ಲಿ ಹೊಸ ಪ್ರಾಜೆಕ್ಟ್ ಇಲ್ಲ. ಇರುವವರೇ ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂತಿರುವಾಗ ಫ್ರೆಷರ್‌ಗಳನ್ನು ಯಾಕೆ ಕರೆಯುತ್ತಾರೆ? ಅಮೆರಿಕಕ್ಕೆ ಕೆಲಸಕ್ಕೆ ಹೋಗುವವರ ಎಚ್-1ಬಿ ವೀಸಾ ನೋಡಿದರೂ ಇದು ಗೊತ್ತಾಗುತ್ತದೆ. 2008ರ ಏಪ್ರಿಲ್‌ನಲ್ಲಿ ಅರ್ಜಿ ಶುರುವಾದ ಮೊದಲ ವಾರದಲ್ಲೇ ಕೋಟಾ ತುಂಬಿಹೋಗಿತ್ತು. ಮರುವರ್ಷ ತುಂಬಲು ಡಿಸೆಂಬರ್ ತನಕ ಹಿಡಿಯಿತು.

ತಮಾಷೆ ಅಂದರೆ, ಪುಸ್ತಕದ ಅರ್ಥದಲ್ಲಿ ಆಗ ಭಾರತಕ್ಕೆ ಹಿಂಜರಿತ ಬರಲೇ ಇಲ್ಲ. ಶೇ 9ರ ಆಸುಪಾಸಿನಲ್ಲಿದ್ದ ಬೆಳವಣಿಗೆ ದರ, ಆಗಿನ ಲೆಕ್ಕದಲ್ಲಿ, 2008–09ಕ್ಕೆ ಶೇ 6.7ಕ್ಕೆ ಇಳಿಯಿತು. ದೇಶ ಬೆಳೆಯುತ್ತಲೇ ಇತ್ತು. ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಎರಡನೇ ತರಬೇತಿ ಕೇಂದ್ರವನ್ನು ಸೋನಿಯಾ ಗಾಂಧಿ ಉದ್ಘಾಟಿಸಿದ್ದು 2009ರ ಸೆಪ್ಟೆಂಬರ್‌ನಲ್ಲೇ. ನನಗೆ ಆಫರ್ ಕೊಟ್ಟದ್ದು ಬೇರೆ ಕಂಪನಿ, ಅದರ ಹೆಸರು ಇಲ್ಲಿ ಬೇಡ. ಅಷ್ಟು ಹೊತ್ತಿಗೆ ಅಲ್ಲಿಂದ ನನಗೆ ಮೂರು ಮೇಲ್ ಬಂದಿದ್ದವು. ಜುಲೈಗೆ ಇದ್ದ ಜಾಯಿನಿಂಗ್ ಅಕ್ಟೋಬರ್‌ಗೆ ಹೋಯಿತು, ಅಕ್ಟೋಬರ್‌ದು ಜನವರಿಗೆ. ಮೂರನೆಯದರಲ್ಲಿ ತಾರೀಖೇ ಇರಲಿಲ್ಲ, "ಶೀಘ್ರದಲ್ಲಿ ತಿಳಿಸುತ್ತೇವೆ" ಅಂತಿತ್ತು. ಸರಸ್ವತಿಪುರಂನ ಸೈಬರ್ ಸೆಂಟರಿನವನಿಗೆ ನನ್ನ ಮುಖ ಎಷ್ಟು ಪರಿಚಯವಾಗಿತ್ತೆಂದರೆ, ಹತ್ತು ನಿಮಿಷದೊಳಗೆ ಎದ್ದು ಬಂದರೆ ದುಡ್ಡೇ ತಗೊಳ್ಳುತ್ತಿರಲಿಲ್ಲ.

ಮೈಸೂರಿನಲ್ಲಿ ನಮ್ಮ ಹಿಂದಿನ ತಲೆಮಾರೂ ಕೆಲಸ ಹೋಗುವುದನ್ನು ಕಂಡಿದೆ. 1996ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಮುಚ್ಚಿತು. ಆದರೆ ಅಲ್ಲಿ ಒಂದು ಗೇಟಿತ್ತು. ಗೇಟಿಗೆ ಬೀಗ ಬಿದ್ದರೆ ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ಹತ್ತು ಜನ ಸೇರಿ ಕೂಗಬಹುದು. ನಮ್ಮದು ಇನ್ನೂ ಸೇರದ ಕೆಲಸ. ಇನ್‌ಬಾಕ್ಸ್ ಮುಂದೆ ಧರಣಿ ಕೂರುವುದು ಹೇಗೆ?

ಫ್ರೆಷರ್‌ಗೆ ಇದು ಯಾಕೆ ಇಷ್ಟು ಗಟ್ಟಿಯಾಗಿ ತಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲಿ ಒಂದು ಖಾಸಾ ಕಾರಣ ಇದೆ: ಬ್ಯಾಚು. ನಮ್ಮ ಕಂಪನಿಗಳು ಹೊಸಬರನ್ನು ಬ್ಯಾಚಿನ ಲೆಕ್ಕದಲ್ಲಿ ತಗೊಳ್ಳುತ್ತವೆ. ಶೇ 60ರ ಮೇಲೆ ಅಂಕ, ಬ್ಯಾಕ್ ಇರಬಾರದು, 'ಈ ವರ್ಷ ಪಾಸಾದವರಿಗೆ ಮಾತ್ರ'. 2010ರ ಕೊನೆಗೆ ಮಾರುಕಟ್ಟೆ ಚೇತರಿಸಿಕೊಂಡಿತು, ನೇಮಕಾತಿ ಮತ್ತೆ ಜೋರಾಯಿತು. ಬಾಗಿಲು ತೆಗೆದದ್ದು ಮಾತ್ರ 2010, 2011ರ ಬ್ಯಾಚಿಗೆ. ನಾವು ಹೋದರೆ "ಒಂದು ವರ್ಷ ಏನ್ ಮಾಡ್ತಿದ್ರಿ?" ಅನ್ನುವ ಪ್ರಶ್ನೆ. ನಿಮ್ಮ ಮೇಲ್ ಕಾಯ್ತಿದ್ದೆ ಅನ್ನೋಕಾಗುತ್ತದಾ?

ಇದನ್ನು ಅಪ್ಪನಿಗೆ ವಿವರಿಸಲು ಒಂದು ಸಂಜೆ ಒದ್ದಾಡಿದೆ. ಅವರಿಗೆ ಅರ್ಧ ನಿಮಿಷ ಸಾಕಾಯಿತು. "ಸೂಲಂಗಿ ಬಂದ ಕಬ್ಬು ಕಣ್ಲಾ ನೀನು" ಅಂದರು. ಮಂಡ್ಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಕಬ್ಬು ಬಲಿತು ಹೂವು ಬಿಟ್ಟರೆ ಅದು ಸೂಲಂಗಿ. ಕಾರ್ಖಾನೆಯಿಂದ ಟೈಮಿಗೆ ಕಟಾವಿಗೆ ಒಪ್ಪಿಗೆ ಬರಲಿಲ್ಲ ಅಂದರೆ ನಿಂತ ಕಬ್ಬಿಗೆ ಸೂಲಂಗಿ ಬರುತ್ತದೆ, ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಗೊಬ್ಬರ ಹಾಕಿದ್ದು ಅಷ್ಟೇ, ನೀರು ಬಿಟ್ಟದ್ದು ಅಷ್ಟೇ. "ಅದ್ಕೆ ಕಬ್ಬು ಏನ್ ಮಾಡ್ತದೆ?" ಅಂತ ಅಪ್ಪ ಬೀಡಿ ಹಚ್ಚಿದರು.

ಅರ್ಥಶಾಸ್ತ್ರಜ್ಞರು ಇದನ್ನೇ 'ಸ್ಕಾರಿಂಗ್' ಅನ್ನುತ್ತಾರೆ. ಗಾಯ ಮಾಗಿದ ಮೇಲೂ ಉಳಿಯುವ ಕಲೆ ಎಂದು ಅರ್ಥ. ನನಗೆ ಸೂಲಂಗಿಯೇ ಇಷ್ಟ. ಕಲೆ ಬರೀ ಗುರುತು, ಸೂಲಂಗಿಯಲ್ಲಿ ತೂಕ ಹೋಗುತ್ತದೆ.

ಎಷ್ಟು ತೂಕ? ಲೀಸಾ ಕಾನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞೆ 1979ರಿಂದ 1989ರೊಳಗೆ ಪದವಿ ಮುಗಿಸಿದ ಅಲ್ಲಿನ ಬಿಳಿಯ ಪುರುಷರ ಸಂಬಳವನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಪದವಿ ಮುಗಿಯುವ ಹೊತ್ತಿನಲ್ಲಿ ನಿರುದ್ಯೋಗದ ಪ್ರಮಾಣ ಒಂದು ಶೇಕಡಾ ಅಂಶದಷ್ಟು (ಅಂದರೆ ಶೇ 5ರ ಬದಲು ಶೇ 6) ಜಾಸ್ತಿ ಇದ್ದರೆ ಮೊದಲ ಸಂಬಳ ಶೇ 6ರಿಂದ 7ರಷ್ಟು ಕಮ್ಮಿ. ಹದಿನೈದು ವರ್ಷ ಕಳೆದರೂ ಶೇ 2.5ರಷ್ಟು ಕೊರತೆ ಉಳಿದಿತ್ತು. ಕೆನಡಾದಲ್ಲಿ ನಡೆದ ಇನ್ನೊಂದು ಅಧ್ಯಯನ ಸ್ವಲ್ಪ ಸಮಾಧಾನದ್ದು. ಅಲ್ಲಿ ಈ ನಷ್ಟ ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ಕರಗಿತ್ತು. ಹೇಗೆ? ಕಂಪನಿ ಬದಲಾಯಿಸಿ, ಸಣ್ಣ ಕಡೆಯಿಂದ ಒಳ್ಳೆಯ ಕಡೆಗೆ ಜಿಗಿದು. ನಮ್ಮ ವಯಸ್ಸಿನವರಿಗೆ ನಿಯತ್ತಿಲ್ಲ, ಎರಡು ವರ್ಷಕ್ಕೊಮ್ಮೆ ಕೆಲಸ ಬಿಡುತ್ತಾರೆ ಎಂದು ಬೈಯುವ ಹಿರಿಯರು ಇದನ್ನು ಗಮನಿಸಬೇಕು. ಬಿದ್ದ ಗುಂಡಿಯಿಂದ ಮೇಲೆ ಬರಲು ಇದ್ದ ಏಣಿ ಅದೊಂದೇ.

ನಮ್ಮಲ್ಲಿ ಆ ಏಣಿಗೂ ಒಂದು ಕೊಕ್ಕೆ ಇದೆ. ಸಂದರ್ಶನ ಮುಗಿದ ಮೇಲೆ ಎಚ್‌ಆರ್ ಮೊದಲು ಕೇಳುವುದು "ಕರೆಂಟ್ ಸಿಟಿಸಿ ಎಷ್ಟು?" ಅಂದರೆ ಈಗಿನ ಕಂಪನಿ ವರ್ಷಕ್ಕೆ ಕೊಡುವ ಒಟ್ಟು ಸಂಬಳ. ಅದರ ಮೇಲೆ ಶೇಕಡಾ ಇಂತಿಷ್ಟು. ನಾನು ಕೊನೆಗೆ ಸೇರಿದ್ದು ಬೆಂಗಳೂರಿನ ಬಿಟಿಎಂ ಲೇಔಟಿನ ಒಂದು ಸಣ್ಣ ಕಂಪನಿಗೆ. ಮೆಕ್ಯಾನಿಕಲ್ ಓದಿದವನು ಮೂರು ತಿಂಗಳು ಟೆಸ್ಟಿಂಗ್ ಕೋರ್ಸ್ ಮಾಡಿಕೊಂಡು ಹೋದೆ. ವರ್ಷಕ್ಕೆ 1.5 ಲಕ್ಷ, ಎರಡು ವರ್ಷದ ಬಾಂಡು, ಮಾರ್ಕ್ಸ್ ಕಾರ್ಡ್ ಒರಿಜಿನಲ್‌ಗಳೆಲ್ಲ ಅವರ ಬೀರುವಿನಲ್ಲಿ. ಈಗ ಲೆಕ್ಕ ಹಾಕಿ. 3 ಲಕ್ಷದಿಂದ ಶುರು ಮಾಡಿದವನು, 1.5 ಲಕ್ಷದಿಂದ ಶುರು ಮಾಡಿದವನು, ಇಬ್ಬರೂ ಮೂರು ಸಲ ಕಂಪನಿ ಬಿಟ್ಟರು, ಪ್ರತಿ ಸಲ ಇಬ್ಬರಿಗೂ ಶೇ 30 ಹೈಕ್. ಮೊದಲನೆಯವನು ಸುಮಾರು 6.6 ಲಕ್ಷ ತಲುಪುತ್ತಾನೆ, ಎರಡನೆಯವನು 3.3 ಲಕ್ಷ. ಒಂದೂವರೆ ಲಕ್ಷ ಇದ್ದ ಅಂತರ ಮೂರು ಲಕ್ಷ ದಾಟಿತು. ಮೋಸ ಯಾರೂ ಮಾಡಲಿಲ್ಲ. ಶೇಕಡಾವಾರು ಲೆಕ್ಕದ ಗುಣವೇ ಅದು.

ಜೊತೆಗೆ ಓದಿದವರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಕೆಲವರು ಎಂ.ಟೆಕ್ ನೆರಳಿಗೆ ಹೋಗಿ, ಅಲ್ಲಿಂದ ಲೆಕ್ಚರರ್ ಆದರು. ಎಲೆಕ್ಟ್ರಾನಿಕ್ಸ್ ಓದಿದ ಗೆಳೆಯ ಬ್ಯಾಂಕ್ ಪರೀಕ್ಷೆ ಬರೆದು ಕೌಂಟರಿನಲ್ಲಿ ಕೂತ, ಚೆನ್ನಾಗಿದ್ದಾನೆ. ಇಬ್ಬರು ಕೆಪಿಎಸ್‌ಸಿ ಅಂತ ವರ್ಷಗಟ್ಟಲೆ ಓದಿದರು. ಒಬ್ಬ ದುಡ್ಡು ಕೊಟ್ಟು ಫೇಕ್ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸಿಕೊಂಡ. ಅವನನ್ನು ತಪ್ಪು ಅನ್ನಲು ನನಗೆ ಅಂಥ ಉತ್ಸಾಹವಿಲ್ಲ.

ಜಪಾನಿನಲ್ಲೂ ಕಾಲೇಜಿನಿಂದ ನೇರವಾಗಿ, ಬ್ಯಾಚಾಗಿ ತಗೊಳ್ಳುವ ಪದ್ಧತಿ. ಅಲ್ಲಿ 1990ರ ದಶಕದಲ್ಲಿ ಷೇರು, ಜಮೀನು ಬೆಲೆಯ ಗುಳ್ಳೆ ಒಡೆದ ಮೇಲೆ ಹೊರಬಂದವರ ಕಾಲವನ್ನು 'ಉದ್ಯೋಗದ ಹಿಮಯುಗ' ಎಂದೇ ಕರೆಯುತ್ತಾರೆ. ಆ ಜನ ನಡುವಯಸ್ಸು ತಲುಪಿದ ಮೇಲೆ, 2019ರಲ್ಲಿ, ಅಲ್ಲಿನ ಸರ್ಕಾರ ಅವರಿಗೆ ಕಾಯಂ ಕೆಲಸ ಕೊಡಿಸಲೆಂದೇ ಯೋಜನೆ ಘೋಷಿಸಿತು. ತಡವಾಗಿಯಾದರೂ ಅವರನ್ನು ಲೆಕ್ಕಕ್ಕೆ ತಗೊಂಡರಲ್ಲ.

ಪುಸ್ತಕದ ಅರ್ಥದ ಹಿಂಜರಿತ ನಮ್ಮ ದೇಶಕ್ಕೆ ಬಂದದ್ದು 2020ರಲ್ಲಿ. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ, ಮೊದಲ ಅಂದಾಜಿನಂತೆ, ಶೇ 23.9 ಕುಸಿಯಿತು. ಮುಂದಿನ ಮೂರು ತಿಂಗಳಲ್ಲಿ ಶೇ 7.5. ಎರಡು ತ್ರೈಮಾಸಿಕ, ಲೆಕ್ಕ ಸರಿಹೋಯಿತು. ಡಿಸೆಂಬರ್ ತ್ರೈಮಾಸಿಕಕ್ಕೆ ಮತ್ತೆ ಬೆಳವಣಿಗೆ. ಅಂದರೆ ದೇಶದ ಹಿಂಜರಿತ ಆರು ತಿಂಗಳಲ್ಲಿ ಮುಗಿಯಿತು. ಅಮೆರಿಕದ್ದು ಇನ್ನೂ ಚಿಕ್ಕದು, ಎರಡೇ ತಿಂಗಳು.

ಆಗ ನನಗೆ ಮೂವತ್ತಮೂರು, ಮೈಸೂರಿನಲ್ಲಿ ಕೊಂಡ ಮನೆಗೆ ಇಎಂಐ. ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಆಗಸ್ಟ್ ತನಕ ಆರು ತಿಂಗಳ ಅವಕಾಶ ಕೊಟ್ಟಿತ್ತು. ನಾನು ಮುಂದೂಡಲಿಲ್ಲ. ಮುಂಬೈಗೆ ದುಡಿಯಲು ಹೋಗಿದ್ದ ಕೆ.ಆರ್. ಪೇಟೆ ಕಡೆಯವರು ಗುಂಪುಗುಂಪಾಗಿ ಊರಿಗೆ ಬಂದ ದಿನಗಳವು. ನಾನೂ ಊರಿಗೆ ಹೋದೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಕೊಟ್ಟಿಗೆ ಪಕ್ಕದ ಮೆಟ್ಟಿಲ ಮೇಲೆ ಮಾತ್ರ. ಅಲ್ಲೇ ಕೂತು ಕಾಲ್ ಅಟೆಂಡ್ ಮಾಡುತ್ತಿದ್ದೆ. ಆ ತಿಂಗಳುಗಳಲ್ಲೇ ಒಂದು ಒಳ್ಳೆಯ ಕಂಪನಿಯಿಂದ ಆಫರ್ ಬಂತು, ಹೆಚ್ಚುಕಡಿಮೆ ಒಂದೂವರೆ ಪಟ್ಟು ಸಂಬಳ. ಬೇಡ ಅಂದೆ. ಅಲ್ಲಿ ಹೊಸಬ ಆಗುತ್ತೇನೆ, ತೆಗೆಯುವುದಾದರೆ ಹೊಸಬರನ್ನೇ ಮೊದಲು ತೆಗೆಯುತ್ತಾರೆ ಅಂತ. ಆ ಕಂಪನಿ ಯಾರನ್ನೂ ತೆಗೆಯಲಿಲ್ಲ. ಮುಂದಿನ ವರ್ಷ ಐಟಿಯಲ್ಲಿ ಜನ ಸಿಗುತ್ತಿಲ್ಲ ಅಂತ ಸಂಬಳ ಏರಿಸಿ ಏರಿಸಿ ಕರೆದರು. ನನಗಿಂತ ಐದು ವರ್ಷ ಚಿಕ್ಕವರು ಮೂರು ಮೂರು ಆಫರ್ ಕೈಯಲ್ಲಿಟ್ಟುಕೊಂಡು ಚೌಕಾಸಿ ಮಾಡುತ್ತಿದ್ದರು. ನಾನು ಕೂತಲ್ಲೇ ಕೂತಿದ್ದೆ. ಹೆಂಡತಿ ಕೇಳುವ ಪ್ರಶ್ನೆಗೆ ಉತ್ತರ ಇಲ್ಲೆಲ್ಲೋ ಇದೆ.

ಇದು ನನ್ನೊಬ್ಬನ ಪುಕ್ಕಲುತನ ಅಂದುಕೊಂಡಿದ್ದೆ. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಹಿಂಜರಿತ ಕಂಡವರು, ಜೀವನದಲ್ಲಿ ಮುಂದೆ ಬರಲು ದುಡಿಮೆಗಿಂತ ಅದೃಷ್ಟ ಮುಖ್ಯ ಎಂದು ಜಾಸ್ತಿ ನಂಬುತ್ತಾರೆ ಎಂದು ಅಮೆರಿಕದ ಸಮೀಕ್ಷೆಗಳನ್ನು ಆಧರಿಸಿದ ಅಧ್ಯಯನವೊಂದು ಹೇಳುತ್ತದೆ. ಓದಿದಾಗ ಸ್ವಲ್ಪ ಹಗುರಾಯಿತು.

ಚಿಕ್ಕಪ್ಪನ ಮಗಳು 2023ರ ಬ್ಯಾಚು. ಅವಳಿಗೂ ಆಫರ್ ಇತ್ತು, ಅವಳಿಗೂ ಜಾಯಿನಿಂಗ್ ಮುಂದೆ ಹೋಯಿತು. ಒಂದು ಭಾನುವಾರ ಮನೆಗೆ ಬಂದವಳು ಮೇಲ್ ತೋರಿಸಿದಳು. "ಅಣ್ಣ, ಫೋನ್ ಮಾಡಿ ಕೇಳ್ಲಾ?" ಅಂದಳು.

"ಸುಮ್ನಿರು, ಅವರಾಗೇ ತಿಳಿಸ್ತಾರೆ. ಜಾಸ್ತಿ ಕೇಳಿದ್ರೆ ಕ್ಯಾನ್ಸಲ್ ಮಾಡಿಬಿಟ್ಟಾರು" ಅಂದೆ.

ಸೋಮವಾರ ಬೆಳಿಗ್ಗೆ ಅವಳು ಫೋನ್ ಮಾಡಿದಳು. ಎಚ್‌ಆರ್ ಎರಡು ನಿಮಿಷ ಮಾತಾಡಿದರಂತೆ. ತಾರೀಖು ಸಿಗಲಿಲ್ಲ, ಈ ವರ್ಷ ಯಾರನ್ನೂ ಕರೆಯುವುದಿಲ್ಲ ಅನ್ನುವುದು ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಬೇರೆ ನಾಲ್ಕು ಕಡೆ ಅರ್ಜಿ ಹಾಕಿ, ನನಗೆ ರೆಸ್ಯೂಮೆ ಕಳಿಸಿದ್ದಳು. "ನಿಮ್ಮ ಕಂಪನೀಲಿ ಯಾರಿಗಾದ್ರೂ ಕೊಡಿ ಅಣ್ಣ."